ಕೋರ್ಟಿನ ಎದುರಿನ ಸಮುದ್ರ

ನನ್ನ ಅಜ್ಜ ಮುಂಬಯಿಗೆ ಹೋದದ್ದು ಜೀವಮಾನದಲ್ಲಿ ಒಂದೇ ಸಲ, 1923ರ ಚಳಿಗಾಲದಲ್ಲಿ. ಅಲ್ಲಿದ್ದದ್ದು ಹನ್ನೊಂದು ದಿನ. ಆ ಹನ್ನೊಂದು ದಿನಗಳ ಕತೆಯನ್ನು ಅವನು ಮುಂದೆ ಐವತ್ತು ವರ್ಷ ಹೇಳಿದ. ಹೊನ್ನಾವರದ ಹತ್ತಿರ ಶರಾವತಿಯ ದಂಡೆಯ ನಮ್ಮ ಮನೆಯ ಜಗಲಿಯಲ್ಲಿ, ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಲಾಟೀನಿನ ಸುತ್ತ ಕೂತ ಮಕ್ಕಳಿಗೆ ಬೊಂಬಾಯಿಯ ಕತೆ ಅಂದರೆ ರಾಮಾಯಣಕ್ಕಿಂತ ಒಂದು ಕೈ ಮೇಲೆ.

ಅಜ್ಜನ ಬೊಂಬಾಯಿಯಲ್ಲಿ ಮುಖ್ಯವಾಗಿ ಮೂರು ಸಂಗತಿಗಳಿದ್ದವು. ಒಂದು, ಸಮುದ್ರದ ಎದುರಿಗೇ ಸಾಲಾಗಿ ನಿಂತ ಕಲ್ಲಿನ ಅರಮನೆಗಳು. ಅವುಗಳಲ್ಲೊಂದು ಹೈಕೋರ್ಟು, ಅದರ ಕಿಟಕಿಗಳಿಂದ ಸಮುದ್ರದ ಗಾಳಿ ಬೀಸಿ ವಕೀಲರ ಕಾಗದ ಹಾರುತ್ತಿತ್ತು. ಎರಡು, ಪಕ್ಕದ ಗಡಿಯಾರದ ಗೋಪುರದ ತುದಿಯಲ್ಲಿ ಪೇಟ ಕಟ್ಟಿಕೊಂಡು ನಿಂತ ಕಲ್ಲಿನ ಮನುಷ್ಯರು. ಮೂರನೆಯದು ಮಂಗ. ಕೋರ್ಟಿನ ಒಳಗೆ ಒಂದು ಕಂಬದ ಮೇಲೆ ಕಲ್ಲಿನ ಮಂಗ ತಕ್ಕಡಿ ಹಿಡಿದು ಕೂತಿದೆ ಅಂತ ಅಜ್ಜ ಹೇಳುತ್ತಿದ್ದ. ಅದರ ಒಂದು ಕಣ್ಣಿಗೆ ಬಟ್ಟೆ ಕಟ್ಟಿದೆ, ಇನ್ನೊಂದು ಕಣ್ಣು ತೆರೆದೇ ಇದೆ.

ಮಂಗನ ಮಾತು ಬಂದಾಗಲೆಲ್ಲ ನಾವು ನಗುತ್ತಿದ್ದೆವು. ಎರಡು ಬೆಕ್ಕು, ಒಂದು ಬೆಣ್ಣೆ ಮುದ್ದೆ, ಪಾಲು ಮಾಡಲು ಬಂದ ಮಂಗ ತಕ್ಕಡಿ ಹಿಡಿದು ಅತ್ತ ಇತ್ತ ತೂಗುತ್ತಾ ಎಲ್ಲವನ್ನೂ ತಾನೇ ತಿಂದ ಕತೆ ಶಾಲೆಯಲ್ಲಿ ಓದಿದ್ದೆವಲ್ಲ. ಅಜ್ಜ ಅದನ್ನೇ ತಂದು ಹೈಕೋರ್ಟಿಗೆ ಕೂಡಿಸಿದ್ದಾನೆ ಅಂತ ನಮ್ಮ ಎಣಿಕೆ.

ಅವನು ಅಲ್ಲಿಗೆ ಹೋದದ್ದು ಯಾಕೆ ಎಂಬುದು ಮಾತ್ರ ಕತೆಯಲ್ಲಿ ಎಂದೂ ಬರುತ್ತಿರಲಿಲ್ಲ. ಅದನ್ನು ಆಯಿ ಹೇಳಿದ್ದು, ನಾನು ದೊಡ್ಡವನಾದ ಮೇಲೆ. ಅಜ್ಜನಿಗೂ ಅವನ ಅಣ್ಣನಿಗೂ ತೋಟದ ಪಾಲಿನ ವ್ಯಾಜ್ಯ. ಒಂದು ಅಡಿಕೆ ಬಾಗಾಯ್ತು, ಅದಕ್ಕೆ ನೀರು ಬರುವ ಒಂದು ಕಾಲುವೆ. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹಾಗಾಗಿ ಹೊನ್ನಾವರದಲ್ಲಿ ಹುಟ್ಟಿದ ಜಗಳ ಕಾರವಾರದ ಜಿಲ್ಲಾ ಕೋರ್ಟು ಹತ್ತಿ ಕೊನೆಗೆ ತಲುಪುತ್ತಿದ್ದದ್ದು ಮುಂಬಯಿಯ ಫೋರ್ಟಿಗೆ. ಧಾರವಾಡ, ಬೆಳಗಾವಿ, ವಿಜಾಪುರದವರ ಪಾಡೂ ಅದೇ. 1956ರ ನವೆಂಬರ್ 1ರವರೆಗೆ ನಮ್ಮವರ ಹೈಕೋರ್ಟು ಅದೇ. ಈಗಿನವರು ಧಾರವಾಡದ ಪೀಠಕ್ಕೆ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ರಾತ್ರಿ ಮನೆಗೆ ಬಂದು ಉಣ್ಣುತ್ತಾರೆ. ಆಗ ಆಗಬೋಟು ಹತ್ತಬೇಕು. ಮಳೆಗಾಲದಲ್ಲಿ ಅದೂ ಇಲ್ಲ.

ಅಜ್ಜ ಗೆದ್ದ. ಬಾಗಾಯ್ತು ಅವನ ಪಾಲಿಗೆ ಬಂತು. ಖರ್ಚಿಗೆ ಅದರಲ್ಲೇ ಮೂರನೇ ಒಂದು ಭಾಗ ಮಾರಬೇಕಾಯಿತು. ಜಡ್ಜ್‌ಮೆಂಟ್ ಸರಿಯಾಗಿಯೇ ಇತ್ತು ಅಂತ ಎರಡೂ ಮನೆಯವರು ಒಳಗೊಳಗೇ ಒಪ್ಪುತ್ತಿದ್ದರಂತೆ. ಆದರೆ ಅಣ್ಣ ತಮ್ಮ ಮತ್ತೆ ಮಾತಾಡಲಿಲ್ಲ. ನಡುವಿನ ಅಂಗಳಕ್ಕೆ ಕಲ್ಲಿನ ಗೋಡೆ ಎದ್ದಿತು. ದೊಡ್ಡಜ್ಜ ಸತ್ತಾಗ ಅಜ್ಜ ಗೋಡೆಯ ಈಚೆ ನಿಂತಿದ್ದನೇ ಹೊರತು ಆಚೆ ಹೋಗಲಿಲ್ಲ.

ನಾನು ಮುಂಬಯಿಗೆ ಬಂದದ್ದು 1974ರಲ್ಲಿ, ಟೈಪಿಂಗ್ ಪರೀಕ್ಷೆ ಪಾಸಾದ ಸರ್ಟಿಫಿಕೇಟಿನೊಂದಿಗೆ. ಬೋರಾ ಬಜಾರಿನ ನಾಲ್ಕನೇ ಮಾಳಿಗೆಯ ಒಂದು ಖೋಲಿಯಲ್ಲಿ ಎಂಟು ಜನ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕನ್ನಡ ಓದುವ ಹುಡುಗರು ಇಬ್ಬರು, ಬ್ಯಾಂಕಿನ ಪ್ಯೂನು ಒಬ್ಬ, ಉಳಿದವರು ನನ್ನಂಥ ಗುಮಾಸ್ತರು. ಫೋರ್ಟಿನಲ್ಲೇ ಒಂದು ಸಾಲಿಸಿಟರ್ ಆಫೀಸಿನಲ್ಲಿ ನನಗೆ ಕೆಲಸ ಸಿಕ್ಕಿತು. ಮೊದಲ ಶನಿವಾರ ಮಧ್ಯಾಹ್ನ ಆಫೀಸು ಬಿಟ್ಟ ಕೂಡಲೇ ನಾನು ಮಾಡಿದ ಕೆಲಸ ಅಜ್ಜನ ಸಮುದ್ರ ನೋಡಲು ಹೋದದ್ದು.

ಹೈಕೋರ್ಟು ಇತ್ತು. ಕಪ್ಪು ನೀಲಿ ಕಲ್ಲಿನ ಆ ಗಾತ್ರ ನೋಡಿ ಎದೆ ಝಲ್ಲೆಂದಿತು. ಉದ್ದವೇ 562 ಅಡಿ. ಎಲ್ಲಿ ನೋಡಿದರೂ ತುದಿ ಚೂಪಾದ ಕಮಾನುಗಳು, ಕಡಿದಾದ ಮಾಡು, ಮೇಲೆ ನ್ಯಾಯ ಮತ್ತು ಕರುಣೆ ಎಂಬ ಇಬ್ಬರು ಕಲ್ಲಿನ ಹೆಂಗಸರು. ಪಕ್ಕದಲ್ಲಿ ರಾಜಾಬಾಯಿ ಟವರ್, ತುದಿಯಲ್ಲಿ ಪೇಟದ ಮನುಷ್ಯರೂ ಇದ್ದರು. ಸುತ್ತು ಹಾಕಿ ಪಶ್ಚಿಮದ ಕಡೆ ಬಂದೆ. ಎದುರಿಗೆ ಓವಲ್ ಮೈದಾನ. ಹುಡುಗರು ಕ್ರಿಕೆಟ್ ಆಡುತ್ತಿದ್ದರು, ಒಂದೇ ಮೈದಾನದಲ್ಲಿ ಹತ್ತು ಹದಿನೈದು ಆಟ. ಮೈದಾನದ ಆಚೆ ಐದಾರು ಮಾಳಿಗೆಯ ಫ್ಲಾಟುಗಳ ಸಾಲು, ಗುಂಡಗೆ ತಿರುಗಿದ ಬಾಲ್ಕನಿಗಳು, ಒಣಹಾಕಿದ ಬಟ್ಟೆ. ಸಮುದ್ರ ಇಲ್ಲ. ಒಬ್ಬ ಕಡಲೆ ಮಾರುವವನನ್ನು ಕೇಳಿದೆ. ಚೌಪಾಟಿಗೆ ಹೋಗು ಅಂದ.

ಮರುವರ್ಷ ಮೇ ತಿಂಗಳಿನಲ್ಲಿ ರಜೆಗೆ ಊರಿಗೆ ಹೋದೆ. ಊರಿಗೆ ಬಂದ ಮುಂಬಯಿ ಹುಡುಗನಿಗೆ ಇರುವ ಜಂಬ ನಿಮಗೆ ಗೊತ್ತೇ ಇದೆ. ಜಗಲಿ ತುಂಬ ಜನ ಇದ್ದರು. ಅಜ್ಜ ಎಂದಿನಂತೆ, ‘ಮಾಣಿ, ಕೋರ್ಟಿನ ಎದುರಿಗೆ ಸಮುದ್ರ ನೋಡಿದ್ಯಾ?’ ಅಂದ.

‘ಎಂತಾ ಸಮುದ್ರ ಅಜ್ಜ? ಕೋರ್ಟಿನ ಎದುರು ಮೈದಾನ ಇದೆ, ಮೈದಾನದ ಎದುರು ಬಿಲ್ಡಿಂಗ್ ಇದೆ. ಐವತ್ತು ವರ್ಷ ನಮಗೆಲ್ಲ ಟೋಪಿ ಹಾಕಿದೆ ನೀನು.’

ಎಲ್ಲರೂ ನಕ್ಕರು. ಅಜ್ಜನಿಗೆ ಆಗ ಎಂಬತ್ತು. ಎಲೆಗೆ ಸುಣ್ಣ ಹಚ್ಚುತ್ತಿದ್ದವನು ಕೈ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮೆಲ್ಲಗೆ, ‘ಹಾಗಾದ್ರೆ ಬತ್ತಿಹೋಯ್ತೋ ಏನೋ’ ಅಂದ.

ಮತ್ತೆ ನಗು. ಆ ಮಾತು ಊರಿನಲ್ಲಿ ಗಾದೆಯ ಹಾಗೆ ಓಡಾಡಿತು. ಯಾರಾದರೂ ಬಡಾಯಿ ಕೊಚ್ಚಿ ಸಿಕ್ಕಿಬಿದ್ದರೆ ಅಜ್ಜನ ಸಮುದ್ರ ಬತ್ತಿತು ಅನ್ನುವುದು. ಅದಾದ ಮೇಲೆ ಅಜ್ಜ ಬೊಂಬಾಯಿಯ ಕತೆ ಹೇಳಲಿಲ್ಲ. ಕೇಳಿದರೂ, ‘ಮಾಣಿ ಅಲ್ಲೇ ಇದ್ದಾನಲ್ಲ, ಅವನನ್ನು ಕೇಳಿ’ ಅನ್ನುತ್ತಿದ್ದನಂತೆ. 1977ರಲ್ಲಿ ತೀರಿಹೋದ. ತಂತಿ ಬಂದು ನಾನು ಊರು ಮುಟ್ಟುವಾಗ ಎಲ್ಲ ಮುಗಿದಿತ್ತು.

ನಮ್ಮ ಆಫೀಸಿನಲ್ಲಿ ದೊಡ್ಡ ಸಾಹೇಬರ ಕೋಣೆಗೆ ಹೋಗುವ ಓಣಿಯಲ್ಲಿ ಒಂದು ಹಳೆಯ ಫೋಟೋ ತೂಗುಹಾಕಿತ್ತು. ದಿನಕ್ಕೆ ಇಪ್ಪತ್ತು ಸಲ ಅದರ ಕೆಳಗೆ ಓಡಾಡಿದ್ದೆ. 1983ರ ಒಂದು ದಿನ ಗಾಜು ಒರೆಸಲು ಅದನ್ನು ಕೆಳಗಿಳಿಸಿದ್ದರು, ಬೆಂಚಿನ ಮೇಲೆ ಒರಗಿಸಿಟ್ಟಿತ್ತು. ಬಗ್ಗಿ ನೋಡಿದೆ. ಸೆಕ್ರೆಟೇರಿಯಟ್, ಯುನಿವರ್ಸಿಟಿ, ಟವರು, ಹೈಕೋರ್ಟು, ಎಲ್ಲ ಸಾಲಾಗಿ ನಿಂತಿವೆ. ಅವುಗಳ ಮುಂದೆ ಬಯಲು. ಬಯಲಿನ ಅಂಚಿಗೆ ರೈಲು ಹಳಿ. ಹಳಿಯ ಈಚೆ, ಫೋಟೋದ ಅರ್ಧ ಭಾಗ ತುಂಬ, ನೀರು.

ನಮ್ಮ ಹೆಡ್ ಕ್ಲಾರ್ಕ್ ಒಬ್ಬರು ಪಾರ್ಸಿ ಮುದುಕರು. ನಾನು ಬೆಂಚಿನ ಹತ್ತಿರವೇ ನಿಂತದ್ದು ನೋಡಿ, ‘ಅರೇ ಡೀಕ್ರಾ, ಪೆಹಲೇ ತೋ ಸಬ್ ದರಿಯಾ ಥಾ’ ಅಂದರು. ಮೊದಲು ಅದೆಲ್ಲ ಸಮುದ್ರವೇ ಮಗನೇ ಅಂತ. ಅವರು ಅದನ್ನು ಎಷ್ಟು ಸಲೀಸಾಗಿ ಹೇಳಿದರೆಂದರೆ, ನನಗೆ ಅಲ್ಲೇ ಕೂತುಬಿಡಬೇಕು ಅನ್ನಿಸಿತು.

ಆಮೇಲೆ ನಾನು ಕೇಳಿ, ಓದಿ ಕೂಡಿಹಾಕಿಕೊಂಡದ್ದು ಇಷ್ಟು. ಫೋರ್ಟು ಅಂದರೆ ನಿಜವಾಗಿಯೂ ಕೋಟೆಯೇ ಆಗಿತ್ತು. ಬಾರ್ಟಲ್ ಫ್ರಿಯರ್ ಎಂಬ ಗವರ್ನರ್ 1860ರ ದಶಕದಲ್ಲಿ ಅದರ ಗೋಡೆ ಕೆಡವಿಸಿದ. ಸಿಕ್ಕ ಜಾಗದಲ್ಲಿ, ಬ್ಯಾಕ್ ಬೇ ಕೊಲ್ಲಿಗೆ ಮುಖ ಮಾಡಿ, ಒಂದರ ಪಕ್ಕ ಒಂದು ಸರಕಾರಿ ಕಟ್ಟಡ ಎದ್ದವು. 1874ಕ್ಕೆ ಸೆಕ್ರೆಟೇರಿಯಟ್ಟೂ ಯುನಿವರ್ಸಿಟಿಯ ಪದವಿದಾನದ ಹಾಲೂ ಮುಗಿದವು. 1878ಕ್ಕೆ ಲೈಬ್ರರಿ, ಟವರು, ಹೈಕೋರ್ಟು. ಹಡಗಿನಲ್ಲಿ ಬರುವವನ ಕಣ್ಣಿಗೆ ಮೊದಲು ಬೀಳಬೇಕಾದ್ದು ಈ ಸಾಲು ಎಂಬ ಆಸೆ ಅದರಲ್ಲಿ ಇದ್ದೇ ಇತ್ತು.

ಆ ಶೈಲಿಗೆ ಗಾಥಿಕ್ ಅನ್ನುತ್ತಾರೆ. ಯುರೋಪಿನ ಮಧ್ಯಯುಗದ ಚರ್ಚುಗಳದ್ದು. ಆರುನೂರು ವರ್ಷ ಹಳೆಯ ಆ ಮಾದರಿಯನ್ನು ಇಂಗ್ಲೆಂಡಿನವರು ಮತ್ತೆ ಎಬ್ಬಿಸಿದರು. ಮೊದಲು ಶೋಕಿಗೆ: ಹೊರೇಸ್ ವಾಲ್ಪೋಲ್ ಎಂಬ ಶ್ರೀಮಂತ 18ನೆಯ ಶತಮಾನದಲ್ಲಿ ಥೇಮ್ಸ್ ನದಿಯ ಬಳಿ ಸ್ಟ್ರಾಬೆರಿ ಹಿಲ್ ಎಂಬ ಬಂಗಲೆಯನ್ನು ಆಟದ ಕೋಟೆಯ ಹಾಗೆ ಕಟ್ಟಿಸಿಕೊಂಡ. ಆಮೇಲೆ ಹಣವಂತರ ನದಿ ದಡದ, ಸಮುದ್ರ ದಡದ ಮನೆಗಳು. ಆಮೇಲೆ ಚರ್ಚು, ಪಾರ್ಲಿಮೆಂಟು. ಮುಂಬಯಿಗೆ ಬರುವಾಗ ಅದು ಕಚೇರಿಯಾಯಿತು. ಟವರು ಮತ್ತು ಹಾಲಿನ ನಕ್ಷೆ ಮಾಡಿದ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಒಮ್ಮೆಯೂ ಇಲ್ಲಿಗೆ ಬಂದವನಲ್ಲ. ಲಂಡನ್ನಿನಲ್ಲಿ ಕೂತು ಕಾಗದ ಕಳಿಸಿದ. ಹೈಕೋರ್ಟು ಮಾಡಿದವನು ಕರ್ನಲ್ ಫುಲ್ಲರ್, ಸೈನ್ಯದ ಇಂಜಿನಿಯರು. ಚಳಿದೇಶದ ಕಟ್ಟಡಕ್ಕೆ ಇಲ್ಲಿ ಉದ್ದುದ್ದ ಜಗಲಿಗಳು ಸೇರಿಕೊಂಡವು, ಪಶ್ಚಿಮದ ಬಿಸಿಲು ತಡೆಯಲು, ಸಮುದ್ರದ ಗಾಳಿ ಹಿಡಿಯಲು. ಕಲ್ಲು ಮಾತ್ರ ಇಲ್ಲಿಯದೇ, ಸುತ್ತಮುತ್ತಲ ಕಣಿಗಳದ್ದು, ಮೆತ್ತಗಿನ ಕೆತ್ತನೆಗೆ ಪೋರಬಂದರಿನದು. ಅಜ್ಜ ಕಂಡ ಪೇಟದ ಮನುಷ್ಯರೂ ಸುಳ್ಳಲ್ಲ. ಪಶ್ಚಿಮ ಭಾರತದ ಬೇರೆ ಬೇರೆ ಜಾತಿ ಸಮುದಾಯಗಳನ್ನು ತೋರಿಸುವ 24 ಮೂರ್ತಿಗಳು ಅವು, ಮಾಡಿದವರು ಮುಕುಂದ ರಾಮಚಂದ್ರ ಎಂಬ ಇಂಜಿನಿಯರು. ಇಂಗ್ಲೆಂಡಿನಲ್ಲಾದರೆ ಅಲ್ಲಿ ಸಂತರು ನಿಲ್ಲುತ್ತಿದ್ದರು.

ಟವರಿಗೆ ದುಡ್ಡು ಕೊಟ್ಟವನು ಪ್ರೇಮಚಂದ್ ರಾಯಚಂದ್, ಹತ್ತಿಯ ದೊಡ್ಡ ದಲ್ಲಾಳಿ. ಐದೂವರೆ ಲಕ್ಷದ ಖರ್ಚಿನಲ್ಲಿ ಎರಡು ಲಕ್ಷ ಅವನದು. ಹೆಸರು ಅವನ ತಾಯಿಯದು. ಕಣ್ಣು ಕಾಣದ ಆ ಜೈನ ತಾಯಿಗೆ ಹೊತ್ತು ಮುಳುಗುವ ಮೊದಲು ಊಟ ಮಾಡಲು ಗಂಟೆ ಕೇಳಲಿ ಅಂತ ಕಟ್ಟಿಸಿದನಂತೆ. ಇಲ್ಲಿ ನಮ್ಮವರ ಲೆಕ್ಕವೂ ಸ್ವಲ್ಪ ಇದೆ ಅಂತ ನನ್ನ ವಾದ. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ಮುಂಬಯಿಗೆ ಹಣದ ಮಳೆ ಬಂತು. ಆ ಹತ್ತಿಯಲ್ಲಿ ಧಾರವಾಡದ ಕರಿಮಣ್ಣಿನದೂ ಇತ್ತು. ಆ ಹತ್ತಿ ಸಾಗಿಸಲಿಕ್ಕೆಂದೇ ಕಾರವಾರದ ಬಂದರನ್ನು ಬೆಳೆಸಲು ಹೊರಟರು. ಗದಗ ಹುಬ್ಬಳ್ಳಿಯ ರೈತನ ಬೆವರು ಯಾವ ಕಮಾನಿನಲ್ಲಿದೆ ಅಂತ ತೋರಿಸಲು ನನ್ನಿಂದಾಗದು, ಆದರೆ ಇದೆ. ಯುದ್ಧ ಮುಗಿದ ಕೂಡಲೇ 1865ರಲ್ಲಿ ಎಲ್ಲ ಕುಸಿದು ಪ್ರೇಮಚಂದನೂ ದಿವಾಳಿಯಾದ. ಆ ಹುಚ್ಚಿನ ಕಾಲದಲ್ಲಿ ಎಲ್ಲಕ್ಕಿಂತ ಏರಿದ ಷೇರುಗಳಲ್ಲೊಂದು ಯಾವುದೆಂದರೆ, ಬ್ಯಾಕ್ ಬೇ ಸಮುದ್ರಕ್ಕೆ ಮಣ್ಣು ತುಂಬುತ್ತೇವೆ ಎಂದು ಹೊರಟ ಕಂಪನಿಯದು.

ಆ ಕಂಪನಿ ಮುಳುಗಿತು, ಸಮುದ್ರ ಉಳಿಯಿತು. ಇನ್ನೊಂದು ಅರವತ್ತು ವರ್ಷ. ಸರಕಾರ ಮತ್ತೆ ಮಣ್ಣು ತುಂಬಲು ಶುರು ಮಾಡಿದ್ದು ಜಾರ್ಜ್ ಲಾಯ್ಡ್ ಗವರ್ನರ್ ಆಗಿದ್ದಾಗ, 1920ರ ಹೊತ್ತಿಗೆ. ಹಣ ನೀರಿನ ಹಾಗೆ ಹೋಯಿತು, ಹಗರಣವಾಯಿತು, ಕೆ.ಎಫ್. ನರೀಮನ್ ಅದನ್ನು ಬಯಲಿಗೆಳೆದು ಹೆಸರಾದರು. ಅಂತೂ 1930ರ ದಶಕದಲ್ಲಿ ಹೊಸ ನೆಲದ ಮೇಲೆ ನಾನು ಕಂಡ ಆ ಗುಂಡು ಬಾಲ್ಕನಿಗಳ ಸಾಲು, ಅದರಾಚೆ ಮರೀನ್ ಡ್ರೈವ್ ಎದ್ದವು. ಅಜ್ಜ 1923ರಲ್ಲಿ ನೋಡಿದ್ದು ಕೊನೆಯ ಕೆಲವು ವರ್ಷಗಳ ಸಮುದ್ರ. ಅವನು ಊರಿನ ಜಗಲಿಯಲ್ಲಿ ಅದನ್ನು ವರ್ಣಿಸುತ್ತಿದ್ದಾಗ ಇಲ್ಲಿ ಅದನ್ನು ತುಂಬುತ್ತಿದ್ದರು. ಬತ್ತಿಹೋಯಿತೋ ಏನೋ ಅಂದನಲ್ಲ, ಅದು ಬಡಾಯಿಯವನ ಪೆಚ್ಚು ಮಾತಾಗಿರಲಿಲ್ಲ. ತಾನು ಕಣ್ಣಾರೆ ಕಂಡದ್ದು ಇಲ್ಲ ಅಂತ ಮೊಮ್ಮಗ ಹೇಳಿದಾಗ ಮೊಮ್ಮಗನನ್ನೂ ಬಿಟ್ಟುಕೊಡದೆ, ಕಂಡದ್ದನ್ನೂ ಬಿಟ್ಟುಕೊಡದೆ ಅವನು ಹುಡುಕಿದ ದಾರಿ ಅದು. ಇದು ನನಗೆ ಹೊಳೆಯುವಾಗ ಅವನು ಹೋಗಿ ಆರು ವರ್ಷವಾಗಿತ್ತು.

ಮಂಗನನ್ನು ತೋರಿಸಿದವರೂ ಅದೇ ಹೆಡ್ ಕ್ಲಾರ್ಕು. ಕಡತ ಹಿಡಿದುಕೊಂಡು ಹೈಕೋರ್ಟಿಗೆ ನಾನು ವರ್ಷಗಟ್ಟಲೆ ಹೋಗಿ ಬಂದಿದ್ದೆ. ತಲೆ ಎತ್ತಿ ಕಂಬ ನೋಡಲು ಗುಮಾಸ್ತನಿಗೆ ಪುರುಸೊತ್ತೆಲ್ಲಿ? ಮಂಗ ಇತ್ತು. ಒಂದು ಕಣ್ಣಿಗೆ ಪಟ್ಟಿ, ಕೈಯಲ್ಲಿ ತಕ್ಕಡಿ. ವಕೀಲರ ಕೊರಳಪಟ್ಟಿ ಕಟ್ಟಿಕೊಂಡ ನರಿಯೂ ಇತ್ತು. ಕಲ್ಲುಕೆಲಸದ ಕಂತ್ರಾಟುದಾರನೊಬ್ಬ ಯಾವುದೋ ದಾವೆಯಲ್ಲಿ ಸೋತು, ಹೀಗೆ ಸೇಡು ತೀರಿಸಿಕೊಂಡನಂತೆ. ಮುದುಕರು ಇದನ್ನು ಹೇಳಿ ಗಹಗಹಿಸಿ ನಕ್ಕರು. ನನಗೆ ನಗು ಬರಲಿಲ್ಲ. ಇಪ್ಪತ್ತೆಂಟು ವರ್ಷದ ಅಜ್ಜ ಈ ಕಂಬದ ಕೆಳಗೆ ನಿಂತು, ಇನ್ನೊಂದು ಬೆಕ್ಕು ಎಲ್ಲಿದೆ ಅಂತ ಆಚೀಚೆ ನೋಡಿರಬೇಕು.

ಆ ಇನ್ನೊಂದು ಬೆಕ್ಕಿನ ಕಡೆಯ ಕತೆ ನನಗೆ ಗೊತ್ತಾದದ್ದು 1998ರಲ್ಲಿ. ಕೊಂಕಣ ರೈಲು ಆ ವರ್ಷ ಜನವರಿಯಲ್ಲಿ ಪೂರ್ತಿ ಶುರುವಾಗಿತ್ತು. ನಾನಾಗ ಮದುವೆ ಮಕ್ಕಳಾಗಿ ಡೊಂಬಿವಲಿಯಲ್ಲಿದ್ದೆ. ಒಂದು ಸಂಜೆ ಬಾಗಿಲು ತೆಗೆದರೆ ದೊಡ್ಡಜ್ಜನ ಮೊಮ್ಮಗ ನಿಂತಿದ್ದ. ಗೋಡೆಯಾಚೆಯ ಮನೆಯವನು. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವನು. ಒಂದೇ ಶಾಲೆಗೆ ಹೋಗಿಯೂ ನಾವು ಮಾತಾಡಿದವರಲ್ಲ. ಮಾತಾಡಬಾರದು ಅಂತ ಯಾರೂ ಹೇಳಿರಲಿಲ್ಲ, ಆದರೂ ಗೊತ್ತಿತ್ತು. ಮಗನಿಗೆ ಕೆಲಸದ ಇಂಟರ್‌ವ್ಯೂ ಇತ್ತು, ಉಳಿಯಲು ಜಾಗ ಇಲ್ಲ, ಆಯಿಯಿಂದ ವಿಳಾಸ ತಂದಿದ್ದ. ಮೆಟ್ಟಿಲ ಮೇಲೆ ಚೀಲ ಹಿಡಿದು ನಿಂತು, ‘ತೊಂದರೆ ಆಗ್ತದೇನೋ’ ಅಂದ. ‘ಒಳಗೆ ಬಾ ಅಣ್ಣ’ ಅಂದೆ. ಅಣ್ಣ ಅಂತ ಅವನನ್ನು ಕರೆದದ್ದು ಅದೇ ಮೊದಲು.

ರಾತ್ರಿ ಊಟವಾದ ಮೇಲೆ ನಾನು ಫೋರ್ಟಿನಲ್ಲಿ ಕೆಲಸ ಮಾಡುತ್ತೇನೆ ಅಂತ ತಿಳಿದು ಅವನು ಕೇಳಿದ ಮೊದಲ ಪ್ರಶ್ನೆ, ‘ಕೋರ್ಟಿನಲ್ಲಿ ಮಂಗ ಉಂಟಂತಲ್ಲ, ಹೌದಾ?’

ದೊಡ್ಡಜ್ಜನೂ ಹೇಳುತ್ತಿದ್ದನಂತೆ. ಅದೇ ಕಲ್ಲಿನ ಅರಮನೆ, ಅದೇ ಪೇಟದವರು, ಅದೇ ಮಂಗ, ಅದೇ ಸಮುದ್ರ. ಒಂದು ಗೋಡೆಯ ಎರಡು ಬದಿಯ ಜಗಲಿಗಳಲ್ಲಿ, ಅಡಿಕೆ ಸುಲಿಯುವ ಅವೇ ರಾತ್ರಿಗಳಲ್ಲಿ, ಇಬ್ಬರು ಮುದುಕರು ಒಂದೇ ಕತೆ ಹೇಳುತ್ತಿದ್ದರು. ಆದರೆ ಅವರ ಮನೆಯ ಕತೆಯಲ್ಲಿ ನಮ್ಮ ಮನೆಯದರಲ್ಲಿ ಇಲ್ಲದ ಒಂದು ತುಂಡು ಇತ್ತು.

ಅಣ್ಣ ತಮ್ಮ ಹೋದದ್ದು ಒಂದೇ ಆಗಬೋಟಿನಲ್ಲಿ. ಬೇರೆ ಬೋಟು ಎಲ್ಲಿತ್ತು? ಡೆಕ್ಕಿನ ಆ ತುದಿಗೆ ಒಬ್ಬ, ಈ ತುದಿಗೆ ಒಬ್ಬ. ದೊಡ್ಡಜ್ಜನಿಗೆ ದಾರಿಯುದ್ದಕ್ಕೂ ವಾಂತಿ. ಎರಡನೇ ದಿನ ಯಾರೋ ಕಲಾಸಿ ಹುಡುಗ ಬಂದು ಒಂದು ಎಲೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಕೊಟ್ಟು ಹೋದ. ಕೊಟ್ಟವರು ಯಾರು ಅಂತ ಅವನು ಹೇಳಲಿಲ್ಲ, ಇವನು ಕೇಳಲಿಲ್ಲ. ರುಚಿ ತಾಯಿಯ ಕೈಯದು. ಮುಂಬಯಿಯಲ್ಲಿ ಕೋರ್ಟಿನ ಒಳಗೆ ಇಬ್ಬರೂ ಮುಖ ಮುಖ ನೋಡಲಿಲ್ಲ. ಜನ ಹೋಗುವ ದೊಡ್ಡ ಮೆಟ್ಟಿಲು ಪೂರ್ವಕ್ಕೆ. ಪಶ್ಚಿಮದ ಎರಡು ಎಂಟುಮೂಲೆಯ ಬುರುಜುಗಳ ಮೆಟ್ಟಿಲು ಜಡ್ಜರಿಗೆ. ಮಧ್ಯಾಹ್ನ ಕೋರ್ಟು ಎದ್ದಾಗ ವಕೀಲರು ಊಟಕ್ಕೆ ಹೋದರು. ಇವರಿಗೆ ಹೋಗಲು ಜಾಗವಿಲ್ಲ. ದೊಡ್ಡಜ್ಜ ಕಟ್ಟಡಕ್ಕೆ ಸುತ್ತು ಹಾಕಿ ಸಮುದ್ರದ ಕಡೆ ಬಂದು ಬಯಲಿನ ಅಂಚಿಗೆ ಕೂತ. ಸ್ವಲ್ಪ ಹೊತ್ತಿಗೆ ತಮ್ಮನೂ ಬಂದು, ನಾಲ್ಕು ಮಾರು ದೂರದಲ್ಲಿ ಕೂತ.

‘ಎಷ್ಟೋ ಹೊತ್ತು ಕೂತಿದ್ದರಂತೆ,’ ಅಣ್ಣ ಹೇಳಿದ. ‘ಆಮೇಲೆ ನಮ್ಮಜ್ಜ ಕೇಳಿದನಂತೆ, ನಮ್ಮೂರು ಯಾವ ಬದಿಗೆ ಬರ್ತದೆ ಅಂತ. ನಿನ್ನಜ್ಜ ಬಾಯಿಬಿಡಲಿಲ್ಲ. ಎಡಗೈ ಎತ್ತಿ ಆ ಕಡೆ ತೋರಿಸಿದನಂತೆ. ಅಷ್ಟೇ. ಆಮೇಲೆ ಗಂಟೆ ಹೊಡೀತು, ಎದ್ದು ಒಳಗೆ ಹೋದ್ರು.’

ಆ ಟವರಿನ ಗಂಟೆ ಹಿಂದೆ ಹದಿನಾರು ರಾಗ ನುಡಿಸುತ್ತಿತ್ತು, ‘ಹೋಮ್ ಸ್ವೀಟ್ ಹೋಮ್’ ಅವುಗಳಲ್ಲೊಂದು. ಅಂದು ಮಧ್ಯಾಹ್ನ ಏನು ನುಡಿಸಿತೋ, ನಮ್ಮ ಅಜ್ಜಂದಿರಿಗೆ ಎಲ್ಲ ಇಂಗ್ಲಿಷ್ ರಾಗವೂ ಒಂದೇ.

ಈಗ ಈ ಕಟ್ಟಡಗಳಿಗೆ ಬೇರೆಯೇ ಮಾನ ಬಂದಿದೆ. 2018ರ ಜೂನ್ 30ರಂದು ಯುನೆಸ್ಕೋ ಓವಲ್ ಮೈದಾನದ ಎರಡೂ ಬದಿಯನ್ನು, ಅಂದರೆ ಪೂರ್ವದ ಗಾಥಿಕ್ ಸಾಲು ಮತ್ತು ಪಶ್ಚಿಮದ ಆರ್ಟ್ ಡೆಕೋ ಸಾಲು ಸೇರಿಸಿ 94 ಕಟ್ಟಡಗಳನ್ನು, ವಿಶ್ವ ಪರಂಪರೆಯ ಪಟ್ಟಿಗೆ ಹಾಕಿತು. ಸಮುದ್ರ ನೋಡುತ್ತಿದ್ದವರೂ ಅದನ್ನು ಮರೆಮಾಡಿದವರೂ ಒಂದೇ ಪಟ್ಟಿಯಲ್ಲಿ. ಬಾಂದ್ರಾದಲ್ಲಿ ಹೈಕೋರ್ಟಿನ ಹೊಸ ಸಂಕೀರ್ಣಕ್ಕೆ 2025ರಲ್ಲಿ ಶಂಕುಸ್ಥಾಪನೆಯೂ ಆಯಿತು. ನಾನು ನಿವೃತ್ತನಾಗಿ ವರ್ಷಗಳಾದವು. ಮಂಗನ ಚಿಂತೆ ಮಾತ್ರ ಬಿಟ್ಟಿಲ್ಲ.

ಮರುದಿನ ಅಣ್ಣನ ಮಗನನ್ನು ಇಂಟರ್‌ವ್ಯೂಗೆ ಬಿಟ್ಟು ನಾವಿಬ್ಬರೂ ಹೈಕೋರ್ಟಿಗೆ ಹೋದೆವು. ಅಣ್ಣ ಮಂಗನ ಎದುರು ಕೈಕಟ್ಟಿ ನಿಂತ, ದೇವಸ್ಥಾನದಲ್ಲಿ ನಿಂತ ಹಾಗೆ. ಹೊರಗೆ ಬಂದು ಓವಲ್ ದಾಟಿದೆವು. ಕ್ರಿಕೆಟ್ ಹುಡುಗರ ಚೆಂಡು ಎರಡು ಸಲ ಅವನ ಕಾಲಿಗೆ ಬಂತು. ಚರ್ಚ್‌ಗೇಟಿನ ರಸ್ತೆ, ಗುಂಡು ಬಾಲ್ಕನಿಯ ಮನೆಗಳು, ಮತ್ತೆ ರಸ್ತೆ. ಹತ್ತು ನಿಮಿಷದ ನಡಿಗೆಗೆ ಮರೀನ್ ಡ್ರೈವಿನ ಕಟ್ಟೆ ಸಿಕ್ಕಿತು. ಭರತದ ಹೊತ್ತು, ತೆರೆ ಕಲ್ಲಿಗೆ ಬಡಿಯುತ್ತಿತ್ತು. ಇಬ್ಬರೂ ಕೂತೆವು. ತುಂಬ ಮಾತೇನೂ ಇರಲಿಲ್ಲ. ಅಡಿಕೆಗೆ ಎಷ್ಟು ರೇಟು, ಕೊಳೆರೋಗ ಈ ಸಲ ಹೇಗೆ, ಇಂಥವೇ.

ಏಳುವಾಗ ಅವನು ಮನೆಗೆ ಫೋನು ಮಾಡಬೇಕು ಅಂದ. ಚರ್ಚ್‌ಗೇಟ್ ಸ್ಟೇಷನ್ನಿನ ಹೊರಗೆ ಒಂದು ಎಸ್‌ಟಿಡಿ ಬೂತಿತ್ತು. ಆ ಕಡೆ ಎತ್ತಿದವನು ದೊಡ್ಡಜ್ಜನ ಮಗ, ನನ್ನ ಅಪ್ಪಯ್ಯನ ಜತೆ ಹುಟ್ಟಾ ಮಾತಾಡದ ಮುದುಕ. ಕಿವಿ ಮಂದ. ಮೀಟರಿನ ಕೆಂಪು ಅಂಕಿಗಳು ಓಡುತ್ತಿದ್ದವು, ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ಮಗನ ಇಂಟರ್‌ವ್ಯೂ ಹೇಗಾಯಿತು ಅಂತ ಹೇಳಿ ಮುಗಿಸುವಷ್ಟರಲ್ಲಿ ಮುದುಕ ಬೇರೇನೋ ಕೇಳಿದ. ಅಣ್ಣ ರಿಸೀವರಿಗೆ ಕೈ ಅಡ್ಡ ಹಿಡಿದು ನನ್ನ ಮುಖ ನೋಡಿ, ಆಮೇಲೆ ಇಡೀ ಚರ್ಚ್‌ಗೇಟಿಗೆ ಕೇಳುವ ಹಾಗೆ ಕೂಗಿ ಹೇಳಿದ:

‘ಉಂಟು ಅಪ್ಪಯ್ಯಾ, ಸಮುದ್ರ ಉಂಟು. ಸ್ವಲ್ಪ ಆಚೆ ಹೋಗಿದೆ, ಅಷ್ಟೇ. ಹ್ಞಾಂ, ಅವನೂ ಇಲ್ಲೇ ಇದ್ದಾನೆ. ಕೊಡ್ಲಾ?’